ತೂಕದಕ್ಕ ಕೊಟ್ಟ ತಪ್ಪು ತೂಕ

ಯಾವನಾದರೂ ಒಬ್ಬ ಲಾರಿ ಡ್ರೈವರ್ ಗೊಣಗದೆ ಹೋದ ದಿನ ತೂಕದಕ್ಕನಿಗೆ ಅನುಮಾನ ಬರುತ್ತಿತ್ತು, ಇವನೇನೋ ಕಣ್ಣಿಗೆ ಮಣ್ಣೆರಚಿರಬೇಕು ಎಂದು. ಹೆದ್ದಾರಿ ಪಕ್ಕದಲ್ಲಿ ಲಾರಿ ತೂಗುವ ವೇಬ್ರಿಜ್ಜಿನ ಪುಟ್ಟ ಕೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ, ಕೆಂಪು ಅಂಕಿಗಳ ಮುಂದೆ ಇಪ್ಪತ್ತಾರು ವರ್ಷ ಕೂತ ಹೆಂಗಸು ಅವಳು. ಲಾರಿಯ ಎಲ್ಲ ಚಕ್ರಗಳೂ ಕಬ್ಬಿಣದ ಹಾಸಿನ ಮೇಲೆ ಬರಬೇಕು. ಇಂಜಿನ್ ಆಫ್ ಆಗಬೇಕು. ಡ್ರೈವರ್ ಇಳಿದು ಬಿಳಿ ಗೆರೆಯ ಆಚೆ ನಿಲ್ಲಬೇಕು. ಅಂಕಿ ಅಲುಗಾಡುವುದು ನಿಲ್ಲಬೇಕು. ಅದಾದ ಮೇಲೇ ಸ್ಲಿಪ್ಪು.

"ಅಕ್ಕಾ, ಹದಿನೈದು ಟನ್ನಿನಲ್ಲಿ ನನ್ನ ಐವತ್ತೈದು ಕೆಜಿ ಯಾವ ಲೆಕ್ಕ? ಮಂಡಿ ನೋವು ಬೇರೆ. ಕೂತೇ ಇರ್ತೀನಿ ಬಿಡಿ."

"ನಿನ್ನ ಹೆಂಡತಿಗೆ ನೀನು ಲೆಕ್ಕ ಇರಬಹುದಪ್ಪಾ, ನನ್ನ ಸ್ಲಿಪ್ಪಿಗಿಲ್ಲ. ಇಳಿ ಕೆಳಗೆ."

ಅವಳ ನಿಜವಾದ ಹೆಸರು ಅವಳ ರೇಷನ್ ಕಾರ್ಡಿಗೇ ಮರೆತುಹೋಗಿತ್ತು ಎಂದು ಗಂಡ ಹಾಸ್ಯ ಮಾಡುತ್ತಿದ್ದ. ಎಲ್ಲರಿಗೂ ಅವಳು ತೂಕದಕ್ಕ. ಗಂಡ ಸೀಟಪ್ಪ. ವೇಬ್ರಿಜ್ಜಿಗೆ ಅಂಟಿಕೊಂಡಿದ್ದ ಶೆಡ್ಡಿನಲ್ಲಿ ಲಾರಿ ಸೀಟುಗಳನ್ನು ಹೊಲಿಯುವುದು ಅವನ ಕೆಲಸ. ಫೋಮು, ರೆಕ್ಸಿನ್ನು, ದಬ್ಬಣ, ಗಮ್ಮಿನ ಡಬ್ಬಿಗಳ ನಡುವೆ ಕೂತು, ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅವಳ ಕುರ್ಚಿಯ ಕುಶನ್ ಹರಿದಿದ್ದನ್ನು ಕಂಡು, ಕೇಳದೆಯೇ ಒಯ್ದು ಹೊಲಿದು ತಂದಿಟ್ಟ. "ಎಷ್ಟಾಯ್ತು?" ಎಂದರೆ, "ಕೂತು ನೋಡಿ, ಮೆತ್ತಗಿದ್ರೆ ಮದುವೆ ಆಗಿ" ಎಂದ. ಎಂಥ ತಲೆಹರಟೆ ಮನುಷ್ಯ! ಮೆತ್ತಗೇನೋ ಇತ್ತು. ಮದುವೆಯೂ ಆಯಿತು.

ಮಕ್ಕಳಾಗಲಿಲ್ಲ. ಎರಡು ಸಲ ಬಸಿರು ನಿಂತಿತ್ತು, ಎರಡು ಸಲವೂ ಉಳಿಯಲಿಲ್ಲ. ಆಮೇಲೆ ಅವರಿಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ಒಬ್ಬರಿಗೊಬ್ಬರು ಮಕ್ಕಳಾಗಿ, ಒಬ್ಬರನ್ನೊಬ್ಬರು ಗದರಿಕೊಂಡು, ಮಧ್ಯಾಹ್ನದ ಬುತ್ತಿಯನ್ನು ವೇಬ್ರಿಜ್ಜಿನ ಕಿಟಕಿಯಲ್ಲೇ ಹಂಚಿಕೊಂಡು ಉಂಡು, ಕಾಲ ಹಾಕಿದರು. ನನ್ನನ್ನು ಕೇಳಿದರೆ, ಅಷ್ಟು ಚೆನ್ನಾಗಿ ಕಾಲ ಹಾಕಿದ ಜೋಡಿ ನಾಲ್ಕೂರಿನಲ್ಲಿ ಸಿಗುವುದಿಲ್ಲ.

ಆ ವರ್ಷ ಸೀಟಪ್ಪನಿಗೆ ಚಪ್ಪಲಿ ಬಿಗಿಯಾಗತೊಡಗಿತು. ದಬ್ಬಣ ಎಳೆಯುವಾಗ ಎರಡು ಹೊಲಿಗೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಮಲಗಿದರೆ ಕೆಮ್ಮು, ಎದ್ದು ಕೂತರೆ ಸಮಾಧಾನ. "ಏನ್ರೀ ಇದು, ಡಾಕ್ಟರ್ ಹತ್ರ ಹೋಗೋಣ" ಎಂದರೆ, "ಸೀಟು ಹೊಲಿಯೋನು ಸೀಟಲ್ಲೇ ನಿದ್ದೆ ಮಾಡ್ತಾನೆ, ಅದರಲ್ಲೇನಿದೆ?" ಎಂದು ತೇಲಿಸಿಬಿಡುತ್ತಿದ್ದ. ತೇಲಿಸಿ ತೇಲಿಸಿ ಒಂದು ಬೆಳಿಗ್ಗೆ ತಾನೇ ಮುಳುಗುವ ಹಂತಕ್ಕೆ ಬಂದ. ಶೆಡ್ಡಿನ ಬಾಗಿಲಲ್ಲಿ ನಿಂತು, "ಲೇ, ನಂಗೆ..." ಎಂದವನಿಗೆ ಮುಂದಿನ ಮಾತಿಗೆ ಉಸಿರೇ ಸಿಗಲಿಲ್ಲ. ತೂಕಕ್ಕೆ ನಿಂತಿದ್ದ ಖಾಲಿ ಲಾರಿಯ ಡ್ರೈವರೇ ಗಂಡ ಹೆಂಡತಿ ಇಬ್ಬರನ್ನೂ ಮುಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹಾರಿಸಿಕೊಂಡು ಹೋದ. ವೇಬ್ರಿಜ್ಜಿನ ಬೀಗದ ಕೈ ಮೈದುನನ ಪಾಲಾಯಿತು.

ಹೃದಯ ಸೋತಿದೆ, ಒತ್ತುವ ಶಕ್ತಿ ಇಲ್ಲದೆ ನೀರು ಶ್ವಾಸಕೋಶಕ್ಕೂ ಕಾಲಿಗೂ ತುಂಬಿಕೊಂಡಿದೆ ಎಂದರು. ಮೂಗಿಗೆ ಆಕ್ಸಿಜನ್ ಮಾಸ್ಕ್, ಕೈಗೆ ನೀರಿಳಿಸುವ ಇಂಜೆಕ್ಷನ್. ಒಂದು ಗಂಟೆಯಲ್ಲಿ ಅವನನ್ನು ಮೇಲಿನ ವಾರ್ಡಿಗೆ ತಂದು, ಕಿಟಕಿ ಪಕ್ಕದ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ನಿಲ್ಲಿಸಿದರು ಎಂದರೆ ಏನು, ನಿಲ್ಲಿಸಿದವಳು ಅವಳೇ. ಅವನ ಕಾಲು ಗಡಗಡ ನಡುಗುತ್ತಿತ್ತು. ಅವಳು ಯಂತ್ರದ ಪಕ್ಕ ನೆಲದ ಮೇಲೆ ನಿಂತು, ಅವನ ಕಂಕುಳಿಗೆ ತನ್ನ ಹೆಗಲು ಕೊಟ್ಟು, ಬೆನ್ನಿಗೆ ಕೈ ಸುತ್ತಿ, ಅವನನ್ನು ಎತ್ತಿ ಹಿಡಿದಳು. ಸಿಸ್ಟರಿನ ಕಣ್ಣು ಅಂಕಿಯ ಮೇಲೆ. ಇವಳ ಕಣ್ಣು ಗಂಡನ ಮುಖದ ಮೇಲೆ.

"ಎಂಬತ್ನಾಲ್ಕು" ಎಂದು ಸಿಸ್ಟರ್ ಬರೆದುಕೊಂಡರು.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಬಂದು ಹಾಸಿಗೆ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ನಲವತ್ತರ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಂಡು ಅದನ್ನೇ ಜೇಬಿನಲ್ಲಿ ಹುಡುಕುವ ಪೈಕಿ.

"ಮಾಮೂಲಿ ಔಷಧಿ ಹೇಗೂ ಕೊಡ್ತೀವಮ್ಮ. ಅದರ ಜೊತೆಗೆ ಒಂದು ಹೊಸದನ್ನ ಪರೀಕ್ಷೆ ಮಾಡ್ತಾ ಇದ್ದೀವಿ, ನಿಮಗಿಬ್ಬರಿಗೂ ಒಪ್ಪಿಗೆ ಇದ್ರೆ ಮಾತ್ರ. ಬಸುರಾದಾಗ ಹೆಂಗಸರ ಮೈಯಲ್ಲಿ ಒಂದು ಹಾರ್ಮೋನ್ ಹೆಚ್ಚಾಗುತ್ತೆ. ಅದು ರಕ್ತನಾಳಗಳನ್ನ ಸಡಿಲ ಮಾಡಿ, ಹೃದಯಕ್ಕೆ ಎರಡು ಜೀವದ ಕೆಲಸ ಸುಲಭ ಮಾಡಿಕೊಡುತ್ತೆ. ಅದನ್ನೇ ಲ್ಯಾಬಿನಲ್ಲಿ ತಯಾರಿಸಿ, ಹೃದಯ ಸೋತವರಿಗೆ ಎರಡು ದಿನ ಹನಿ ಹನಿಯಾಗಿ ಕೊಟ್ಟು ನೋಡೋದು."

ಉಸಿರಿಗೆ ಒದ್ದಾಡುತ್ತಿದ್ದ ಮನುಷ್ಯನಿಗೆ ಆಗಲೂ ನಾಲಿಗೆ ಸುಮ್ಮನಿರಬೇಡವೇ? ಮಾಸ್ಕ್ ಸರಿಸಿ, "ಡಾಕ್ಟ್ರೇ, ನಂಗೆ... ಬಯಕೆ ಶುರುವಾದ್ರೆ... ಇವಳೇ ಮಾಡಿ ಹಾಕ್ಬೇಕು" ಎಂದ. ಡಾಕ್ಟರಮ್ಮ ನಕ್ಕುಬಿಟ್ಟರು. ಸೀಟಪ್ಪ ಹೆಂಡತಿಯತ್ತ ತಿರುಗಿ, "ನಮ್ಮ ಮನೆಗೆ ಬರಬೇಕಾದ್ದು... ಇಪ್ಪತ್ತು ವರ್ಷ ತಡವಾಗಿ ಬಂತು ನೋಡು" ಎಂದ. ಅಂದ ಮೇಲೆ ಅವನಿಗೇ ತಿಳಿಯಿತು ಏನಂದೆ ಎಂದು. ಅವಳ ಕೈ ಹಿಡಿದು, "ತಪ್ಪಾಯ್ತು ಕಣೇ" ಎಂದ.

"ಅಯ್ಯೋ ಬಿಡಿ. ಬಂತಲ್ಲ, ಯಾರ ಮೈಗೆ ಬಂದ್ರೇನು? ಮಾಸ್ಕ್ ಹಾಕ್ಕೊಳ್ಳಿ ಮೊದ್ಲು" ಎಂದಳು. ಎದೆಯೊಳಗೆ ಏನೋ ಚುಳುಕ್ಕೆಂದದ್ದು ನಿಜ. ಆದರೆ ಅಷ್ಟು ವರ್ಷ ಬಾಯಿಕಟ್ಟಿದ್ದ ಮಾತನ್ನು ಅವನು ಹಾಗೆ ನಗುತ್ತಾ ಆಡಿದ್ದು ಒಂದು ರೀತಿಯಲ್ಲಿ ಹಗುರವೂ ಅನ್ನಿಸಿತು.

"ಇನ್ನೊಂದು ವಿಷಯ" ಎಂದರು ಡಾಕ್ಟರಮ್ಮ. "ಕೆಲವರ ಚೀಲದಲ್ಲಿ ಔಷಧಿ ಇರುತ್ತೆ, ಕೆಲವರದ್ದರಲ್ಲಿ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಾಗಲ್ಲ, ನಂಗೂ ಗೊತ್ತಾಗಲ್ಲ. ಹಾಗಿದ್ರೇನೇ ಪರೀಕ್ಷೆ ನ್ಯಾಯವಾಗಿ ನಡೆಯೋದು."

ಲೋಡ್ ಏನೆಂದು ಗೊತ್ತಿಲ್ಲದೆಯೂ ಲಾರಿಯನ್ನು ನ್ಯಾಯವಾಗಿ ತೂಗಬಹುದು. ಅದು ತೂಕದಕ್ಕನಿಗೆ ಅರ್ಥವಾಗುವ ಮಾತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಡಾಕ್ಟರ್ ಅವಳಿಗೆ ಹಿಡಿಸಿಯೂಬಿಟ್ಟರು. ಇಬ್ಬರೂ ಸಹಿ ಹಾಕಿದರು. ಎಂಬತ್ತನಾಲ್ಕು ಕೆಜಿಗೆ ಎಷ್ಟು ಬೇಕೋ ಅಷ್ಟು ಲೆಕ್ಕ ಹಾಕಿ ಪಂಪಿಗೆ ಹಾಕಿದರು. ಹತ್ತು ಗಂಟೆಗೆ ಮೊದಲ ಹನಿ ಇಳಿಯಿತು.

ಮಾರನೆಯ ಬೆಳಿಗ್ಗೆ ಅವಳು ಕಣ್ಣು ಬಿಟ್ಟಾಗ ಸೀಟಪ್ಪ ಎರಡೇ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದ. ಮಲಗಿದ್ದ! ಎರಡು ತಿಂಗಳಲ್ಲಿ ಅವನು ಅಷ್ಟು ಅಡ್ಡವಾಗಿದ್ದನ್ನು ಅವಳು ನೋಡಿರಲಿಲ್ಲ. ಎದ್ದವನೇ ಒಂದೇ ಉಸಿರಿನಲ್ಲಿ, "ಈ ಹಾಸಿಗೆಗೆ ಯಾವ ಅಡ್ನಾಡಿ ಫೋಮ್ ಹಾಕಿದ್ದಾನೋ, ಕೈಗೆ ಸಿಕ್ರೆ ದಬ್ಬಣದಲ್ಲಿ ಚುಚ್ತೀನಿ" ಎಂದ. ಅವಳ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಕಂಬಿಗೆ ನೇತುಹಾಕಿದ್ದ ಚೀಲವನ್ನು ನೋಡಿ, ಒಳಗಿರುವುದು ಔಷಧಿಯೇ, ಉಪ್ಪುನೀರಾಗಿರಲು ಸಾಧ್ಯವೇ ಇಲ್ಲ ಎಂದು ತೀರ್ಮಾನಿಸಿಕೊಂಡಳು.

ಮತ್ತೆ ತೂಕ. ಇವತ್ತು ಅವನು ನಿನ್ನೆಯಷ್ಟು ಜೋಲಲಿಲ್ಲ. ಆದರೂ ಅವಳು ಹೆಗಲು ಕೊಟ್ಟಳು. ಅಭ್ಯಾಸಬಲ ಅನ್ನಿ, ಪ್ರೀತಿ ಅನ್ನಿ.

"ಎಂಬತ್ತೈದೂವರೆ" ಎಂದರು ಸಿಸ್ಟರ್, ಹುಬ್ಬು ಗಂಟಿಕ್ಕಿ.

ಡಾಕ್ಟರಮ್ಮನಿಗೆ ಅದು ಹಿಡಿಸಲಿಲ್ಲ. ಮೂರು ಲೀಟರ್ ಮೂತ್ರ ಹೋಗಿದೆ, ತೂಕ ಮೂರು ಕೆಜಿ ಇಳಿಯಬೇಕಿತ್ತು. ಇಳಿಯುವ ಬದಲು ಒಂದೂವರೆ ಏರಿದೆ. "ಎಲ್ಲೋ ನೀರು ಸೇರ್ತಾನೇ ಇದೆ. ನೀರಿಳಿಸೋ ಇಂಜೆಕ್ಷನ್ ದುಪ್ಪಟ್ಟು ಮಾಡೋಣ. ಬಿಪಿ ಆಗಲೇ ನೂರಕ್ಕೆ ಬಂದಿದೆ, ಅದೊಂದೇ ಭಯ. ಚೀಲದಲ್ಲಿ ಔಷಧಿ ಇದ್ರೆ ಅದೂ ಬಿಪಿ ಇಳಿಸುತ್ತೆ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಿ" ಎಂದು ಸಿಸ್ಟರಿಗೆ ಹೇಳಿ ಮುಂದಿನ ಹಾಸಿಗೆಗೆ ಹೋದರು. ಇಂಜೆಕ್ಷನ್ ತರಲು ಸಿಸ್ಟರ್ ಹೊರಟರು.

ಅಷ್ಟರಲ್ಲಿ ಮೈದುನನ ಫೋನ್.

"ಅತ್ತಿಗೆ, ಕಬ್ಬಿಣದ ಸರಳಿನ ಲೋಡು ಬಂದಿದೆ. ಫ್ಯಾಕ್ಟರಿ ಚೀಟಿಯಲ್ಲಿ ಇರೋದಕ್ಕಿಂತ ಮುನ್ನೂರು ಕೆಜಿ ಕಮ್ಮಿ ತೋರಿಸ್ತಾ ಇದೆ. ಯಂತ್ರ ಕೆಟ್ಟಿದ್ಯಾ ಅಂತ."

"ಯಂತ್ರಕ್ಕೇನು ದಾಡಿ? ಸರಳಿನ ಬಾಲ ಲಾರಿ ಹಿಂದೆ ಜೋತಾಡ್ತಿರುತ್ತಲ್ಲ, ಅದರ ತುದಿ ಹಾಸಿನ ಆಚೆ ನೆಲಕ್ಕೆ ತಾಗಿದ್ಯಾ ನೋಡು."

"ಹೂಂ ಅತ್ತಿಗೆ, ತಾಗಿದೆ."

"ಮತ್ತೆ! ಆ ನೆಲ ಒಂದಷ್ಟು ಭಾರ ಹೊತ್ಕೊಂಡಿರುತ್ತೆ ಕಣಪ್ಪಾ. ಹೊರಗಿನಿಂದ ಯಾವುದು ಆಸರೆ ಕೊಟ್ರೂ ಒಳಗಿನ ತೂಕ ಸುಳ್ಳಾಗುತ್ತೆ. ಮೇಲಕ್ಕೆ ಎತ್ತಿ ಕಟ್ಟಿಸಿ, ಆಮೇಲೆ..."

ಆಮೇಲೆ ಏನು ಎಂದು ಅವಳು ಹೇಳಲೇ ಇಲ್ಲ. ಫೋನ್ ಕಿವಿಯಲ್ಲೇ ಇತ್ತು, ಮೈದುನ "ಅತ್ತಿಗೆ, ಅತ್ತಿಗೆ" ಎನ್ನುತ್ತಿದ್ದ. ಅವಳ ಇನ್ನೊಂದು ಕೈ ತನ್ನ ಹೆಗಲನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು. ನಿನ್ನೆ ಆ ಹೆಗಲಿನ ಮೇಲೆ ಏಳೆಂಟು ಕೆಜಿಯಾದರೂ ಇತ್ತು. ಇವತ್ತು ಮೂರೋ ನಾಲ್ಕೋ. ಗಂಡನ ಮೈಯಲ್ಲಿ ನೀರು ಏರಿರಲಿಲ್ಲ, ಇಳಿದೇ ಇತ್ತು. ಏರಿದ್ದು ಅವನ ಕಾಲಿನ ಶಕ್ತಿ. ಅವನು ಚೇತರಿಸಿಕೊಂಡು ಇವಳ ಮೇಲೆ ಕಡಿಮೆ ಒರಗಿದ, ಯಂತ್ರ ಅದನ್ನು ಕಾಯಿಲೆ ಎಂದು ಬರೆದುಕೊಂಡಿತು.

ಇಪ್ಪತ್ತಾರು ವರ್ಷ ಕಂಡಕಂಡ ಡ್ರೈವರುಗಳ ಮಾನ ಕಳೆದವಳು! ಹೇಳೋದು ವೇದಾಂತ, ತಿನ್ನೋದು ಬದನೇಕಾಯಿ ಅಂದರೆ ಇದೇ ಅಲ್ಲವೇ? ಅವಳಿಗೆ ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು.

"ಯಾಕೇ, ಮುಖ ಹೀಗಾಯ್ತು? ಅವನೇನಾದ್ರೂ ವೇಬ್ರಿಜ್ ಮುರಿದು ಹಾಕಿದ್ನಾ?" ಎಂದ ಸೀಟಪ್ಪ.

ಅವಳು ಹೇಳಿದಳು. ಅವನು ಪೂರ್ತಿ ಕೇಳಿದ. ನಗಲಿಲ್ಲ. ಕಣ್ಣು ಚೀಲದ ಕಡೆ ಹೋಯಿತು.

"ಹೇಳಿದ್ರೆ ಅದನ್ನ ತೆಗೆದುಬಿಡ್ತಾರಾ?"

"ಗೊತ್ತಿಲ್ಲ ರೀ. ನಿನ್ನೆ ತೂಕ ತಪ್ಪು ಅಂದ್ರೆ ಔಷಧಿ ಅಳತೇನೂ ತಪ್ಪೇ ಅಲ್ವಾ? ತೆಗೀಬಹುದು."

"ಅದು ಬಂದ ಮೇಲೇ ಕಣೇ ನಾನು ಮಲಗಿದ್ದು." ಇಷ್ಟು ವರ್ಷದಲ್ಲಿ ಅವನು ಹೆದರಿಕೆಯನ್ನು ಹಾಸ್ಯದ ಬಟ್ಟೆ ತೊಡಿಸದೆ ಹೊರಗೆ ಕಳಿಸಿದ್ದು ಅದೇ ಮೊದಲು. "ಸುಮ್ನಿದ್ರೆ ಆಗಲ್ವಾ?"

ಸುಮ್ಮನಿರಬಹುದು. ಸುಮ್ಮನಿದ್ದರೆ ಚೀಲ ಉಳಿಯುತ್ತದೆ, ಆದರೆ ದುಪ್ಪಟ್ಟು ಇಂಜೆಕ್ಷನ್ ಬರುತ್ತದೆ. ಇಳಿದಿರುವ ಬಿಪಿ ಇನ್ನೂ ಇಳಿಯುತ್ತದೆ. ಹೇಳಿದರೆ ಇಂಜೆಕ್ಷನ್ ನಿಲ್ಲುತ್ತದೆ, ಚೀಲ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಬೇರೆಯವರ ಲಾರಿಯಾಗಿದ್ದರೆ ಅವಳಿಗೆ ಅರೆಗಳಿಗೆಯೂ ಬೇಕಿರಲಿಲ್ಲ. ಇದು ತನ್ನ ಮನುಷ್ಯ; ಅವನ ಉಸಿರು ಆ ಪ್ಲಾಸ್ಟಿಕ್ ಚೀಲದಿಂದಲೇ ಬರುತ್ತಿದೆ ಎಂದು ಅವಳ ಮನಸ್ಸು ಆಗಲೇ ನಂಬಿಬಿಟ್ಟಿತ್ತು. ಸಿಸ್ಟರ್ ಸಿರಿಂಜ್ ಹಿಡಿದು ವಾರ್ಡಿನ ಬಾಗಿಲು ದಾಟಿ ಬರುತ್ತಿದ್ದರು.

"ಆಗಲ್ಲ ರೀ" ಎಂದು ಎದ್ದು ನಿಂತಳು. "ಸಿಸ್ಟರ್, ಒಂದು ನಿಮಿಷ. ಚುಚ್ಬೇಡಿ. ನಿನ್ನೆಯ ತೂಕ ಸುಳ್ಳು, ಇವತ್ತಿಂದೂ ಸುಳ್ಳು. ಸುಳ್ಳು ಮಾಡಿದ್ದು ನಾನು."

ಸಿಸ್ಟರಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಸಿಟ್ಟು ಬಂತು. "ಏನಾಂಟಿ ನೀವು, ಹಿಡ್ಕೊಂಡಿದ್ರೆ ಹೇಳ್ಬಾರ್ದಾ?" ಎಂದವರು, ಮರುಕ್ಷಣ ತಮ್ಮ ಹಣೆಯನ್ನೂ ಚಚ್ಚಿಕೊಂಡರು. "ನಾನಾದ್ರೂ ನೋಡ್ಬೇಕಿತ್ತು. ಬರೀ ಅಂಕಿ ನೋಡ್ತಾ ನಿಂತೆ." ಸಿರಿಂಜನ್ನು ಟ್ರೇಯಲ್ಲಿಟ್ಟು ಡಾಕ್ಟರಮ್ಮನನ್ನು ಕರೆತಂದರು.

ಮತ್ತೆ ತೂಗಿದರು. ಈ ಸಲ ಡಾಕ್ಟರಮ್ಮ ಎದುರಿಗೇ ನಿಂತರು, ತೂಕದಕ್ಕನನ್ನು ಎರಡು ಹೆಜ್ಜೆ ದೂರ ನಿಲ್ಲಿಸಿದರು. ಎಂಬತ್ತೆಂಟು ಮುಕ್ಕಾಲು. ಹಾಗಾದರೆ ನಿನ್ನೆ ತೊಂಬತ್ತೆರಡರ ಹತ್ತಿರ ಇರಬೇಕು, ಮೂತ್ರದ ಲೆಕ್ಕಕ್ಕೂ ಅದು ಸರಿಹೊಂದುತ್ತದೆ. ಡಾಕ್ಟರಮ್ಮ ದೀರ್ಘವಾಗಿ ಉಸಿರುಬಿಟ್ಟರು.

"ಒಳ್ಳೇದು ಮಾಡಿದ್ರಿ ಅಮ್ಮ. ಆ ಇಂಜೆಕ್ಷನ್ ಕೊಟ್ಟಿದ್ರೆ ಬಿಪಿ ಕುಸಿದು ಕೈಗೆ ಸಿಗ್ತಿರಲಿಲ್ಲ." ಆಮೇಲೆ ಚೀಲದ ಕಡೆ ನೋಡಿ, "ಆದ್ರೆ ಚೀಲ ನಿಲ್ಲಿಸ್ಬೇಕು. ಅಳತೆ ತಪ್ಪು ತೂಕದ ಮೇಲೆ ಹಾಕಿದ್ದು. ಮಧ್ಯದಲ್ಲಿ ತಿದ್ದೋಕೆ ಪರೀಕ್ಷೆಯ ನಿಯಮ ಬಿಡೋದಿಲ್ಲ" ಎಂದರು.

"ಅದರಲ್ಲಿ ಇದ್ದದ್ದು ಔಷಧೀನೋ ಉಪ್ಪುನೀರೋ, ಅಷ್ಟಾದ್ರೂ ಹೇಳಿ ತಾಯಿ."

"ನಂಗೂ ಗೊತ್ತಿಲ್ಲಮ್ಮ. ಆಣೆ ಮಾಡಿ ಹೇಳ್ತೀನಿ. ಮಾಮೂಲಿ ಔಷಧಿ ನಡೀತಾ ಇರುತ್ತೆ. ನಾಳೆ ಬೆಳಿಗ್ಗೆಯ ತೂಕ ನೋಡೋಣ. ಇಳಿದಿದ್ರೆ ಇವರ ಹೃದಯ ದಾರಿಗೆ ಬಂದಿದೆ ಅಂತ. ಏರಿದ್ರೆ ಕೆಳಗೆ ಐಸಿಯುಗೆ ಕರ್ಕೊಂಡು ಹೋಗಿ ಉಸಿರಿನ ಮೆಷಿನ್ ಹಾಕ್ಬೇಕಾಗುತ್ತೆ."

ಸಿಸ್ಟರ್ ಪಂಪಿನ ಗುಂಡಿ ಒತ್ತಿದರು. ಕೊಳವೆ ಬಿಚ್ಚಿದರು. ಅರ್ಧ ಚೀಲ ಹಾಗೇ ಇತ್ತು. ಅದನ್ನು ಒಯ್ಯುವಾಗ ತೂಕದಕ್ಕ ಕಿಟಕಿ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಇಪ್ಪತ್ತು ವರ್ಷದ ಹಿಂದೆ ಎರಡು ಸಲ ಆಸ್ಪತ್ರೆಯಿಂದ ಬರಿಗೈಲಿ ಮನೆಗೆ ಬಂದಾಗಲೂ ಅವಳು ಹೀಗೇ, ಯಾರಿಗೂ ಕಾಣದ ಹಾಗೆ ಅತ್ತಿದ್ದಳು.

"ಲೇ, ಇಲ್ಲಿ ಬಾ" ಎಂದ ಸೀಟಪ್ಪ. "ನಾನು ಹೆದರಿಕೊಂಡು ಏನೋ ಅಂದೆ. ನೀನು ಸುಮ್ನಿದ್ದಿದ್ರೆ ನಂಗೆ ಭಯ ಆಗ್ತಿತ್ತು, ಇದು ಯಾವಳೋ ಬೇರೆಯವಳು ಅಂತ."

"ಬಾಯಿ ಮುಚ್ಕೊಂಡು ಮಲಗಿ."

"ಮುಚ್ಕೊಂಡ್ರೆ ಉಸಿರಾಡೋದು ಹ್ಯಾಗೆ?"

ಆ ಇಡೀ ದಿನ ಅವಳು ಅವನ ಎದೆ ಏರಿ ಇಳಿಯುವುದನ್ನು ಎಣಿಸುತ್ತಾ ಕೂತಳು. ನಿಮಿಷಕ್ಕೆ ಇಪ್ಪತ್ತೆರಡು. ಮಧ್ಯಾಹ್ನ ಇಪ್ಪತ್ನಾಲ್ಕು ಆದಾಗ ಓಡಿಹೋಗಿ ಸಿಸ್ಟರನ್ನು ಕರೆತಂದಳು. ನೋಡಿದರೆ ಅವನು ನಗು ತಡೆದುಕೊಳ್ಳುತ್ತಿದ್ದನಷ್ಟೆ. ಇಂಥವನನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ! ಊಟದ ತಟ್ಟೆಯಲ್ಲಿ ಉಪ್ಪಿಲ್ಲವೆಂದು ಮುಖ ಹಿಂಡಿದವನಿಗೆ ಗದರಿ ಉಣ್ಣಿಸಿದಳು. ನೀರಿನ ಲೋಟವನ್ನು ಅಳೆದು ಕೊಟ್ಟಳು. ಸಂಜೆ ಡಾಕ್ಟರಮ್ಮ ಸ್ಟೆಥೊಸ್ಕೋಪ್ ಇಟ್ಟು ಬೆನ್ನು ಕೇಳಿಸಿಕೊಂಡರು, ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದೆಂದೂ ಹೇಳಲಿಲ್ಲ. ಎಲ್ಲದಕ್ಕೂ ನಾಳೆಯ ತೂಕವೇ ಉತ್ತರವಾಗಿತ್ತು.

ಬೆಳಗಾಯಿತು. ಸಿಸ್ಟರ್ ಯಂತ್ರವನ್ನು ಸೊನ್ನೆಗೆ ತಂದು, "ಬನ್ನಿ ಯಜಮಾನ್ರೇ" ಎಂದರು. ಸೀಟಪ್ಪ ಮಂಚದ ಕಂಬಿ ಹಿಡಿದು ಇಳಿದ. ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು, ಮತ್ತೆ ತಾನೇ ಹಿಂದೆ ಸರಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವನು ಯಂತ್ರ ಹತ್ತಿದ. ಎಡಗಾಲು ನಡುಗಿತು. ಮೈ ಒಂದು ಕಡೆ ವಾಲಿತು. ಅವಳ ಹೆಗಲು ತಾನಾಗಿ ಮುಂದಕ್ಕೆ ಬಾಗಿತು. ಬೆನ್ನ ಹಿಂದಿನ ಬೆರಳುಗಳು ಒಂದನ್ನೊಂದು ನೋಯುವಷ್ಟು ಹಿಸುಕಿದವು. ಬೀಳುತ್ತಾನೆ, ಬಿದ್ದೇ ಬಿಡುತ್ತಾನೆ ಅನ್ನಿಸಿತು. ಅವನು ಬೀಳಲಿಲ್ಲ. ಕಾಲನ್ನು ಸ್ವಲ್ಪ ಅಗಲಿಸಿ, ಎದುರಿನ ಗೋಡೆ ನೋಡುತ್ತಾ, ಒಬ್ಬನೇ ನಿಂತ.

ಅಂಕಿಗಳು ಓಡಿದವು, ಅಲುಗಾಡಿದವು, ನಿಂತವು. ಕೆಂಪಾಗಿ ಏನೋ ಕಾಣುತ್ತಿತ್ತು. ಜೀವಮಾನವೆಲ್ಲ ಅಂಕಿ ಓದಿ ಬದುಕಿದವಳಿಗೆ ಅದನ್ನು ಓದಲಾಗಲಿಲ್ಲ, ಕಣ್ಣು ತುಂಬಿಹೋಗಿತ್ತು.

"ಎಷ್ಟಂತೆ?" ಎಂದ ಸೀಟಪ್ಪ, ಕತ್ತು ತಿರುಗಿಸದೆ.

"ಎಂಬತ್ತೇಳು" ಎಂದರು ಸಿಸ್ಟರ್. "ಇಳಿದಿದೆ. ಒಂದೂ ಮುಕ್ಕಾಲು ಕೆಜಿ ಇಳಿದಿದೆ ಆಂಟಿ."

ಸಿಸ್ಟರ್ ಚಾರ್ಟಿನಲ್ಲಿ ಅಂಕಿ ಬರೆದು, ಕೆಳಗೆ ಗೆರೆ ಎಳೆದು, ಪೆನ್ನಿನ ಮುಚ್ಚಳ ಹಾಕುವವರೆಗೂ ತೂಕದಕ್ಕ ಅಲ್ಲೇ, ಕೈ ಕಟ್ಟಿಕೊಂಡೇ ನಿಂತಿದ್ದಳು.

"ಬರ್ಕೊಂಡಾಯ್ತಾ ಸಿಸ್ಟರ್?"

"ಆಯ್ತು ಆಂಟಿ."

"ಹಾಗಾದ್ರೆ ಇನ್ನು ಹಿಡ್ಕೋಬಹುದಾ?" ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ.